ಆರೂವರೆಯ ಶಾಲೆ, ಏಳರ ಕಾಲೇಜು

ಮೋರಿಯಲ್ಲಿ ಆರು ತಾಸು ಕಪ್ಪು ಬಸಿ ತೊಳೆದ ಕೈಗೆ ಪೆನ್ನು ನಿಲ್ಲುವುದಿಲ್ಲ. ಬೆರಳ ತುದಿಯ ಚರ್ಮ ನೀರು ಕುಡಿದು ಬೆಳ್ಳಗೆ ಸುಕ್ಕುಗಟ್ಟಿರುತ್ತದೆ, ಸೋಡಾ ಪುಡಿ ತಾಗಿ ಉಗುರ ಸಂದಿ ಉರಿಯುತ್ತಿರುತ್ತದೆ. ಅದಕ್ಕೇ ನಾವು ಐದೂ ಮುಕ್ಕಾಲಿಗೆ ಕೈ ಒರೆಸಿಕೊಂಡು, ಭಟ್ಟಿಯ ಹಿಂದಿನ ಬಿಸಿ ಗೋಡೆಗೆ ಅಂಗೈ ಒತ್ತಿ ನಿಲ್ಲುತ್ತಿದ್ದೆವು. ಹತ್ತು ನಿಮಿಷ ಹಾಗೆ ನಿಂತರೆ ಬೆರಳು ಒಣಗಿ ಬರವಣಿಗೆಗೆ ಒದಗುತ್ತಿತ್ತು. ಆಮೇಲೆ ಓಟ. ಆರೂವರೆಗೆ ರಾತ್ರಿ ಶಾಲೆಯ ಗಂಟೆ ಹೊಡೆಯುತ್ತಿತ್ತು.

ಇದು 1972ರ ಬೊಂಬಾಯಿಯ ಫೋರ್ಟ್. ನನಗೆ ಆಗ ಹದಿನಾಲ್ಕು.

ಕುಂದಾಪುರ ತಾಲ್ಲೂಕಿನ ಒಂದು ಹಳ್ಳಿಯಿಂದ ಹಿಂದಿನ ವರ್ಷವಷ್ಟೇ ಹೊರಟಿದ್ದೆ. ನಮ್ಮ ರಾಜ್ಯಕ್ಕೆ ಇನ್ನೂ ಮೈಸೂರು ಎಂದೇ ಹೆಸರು. ನಮ್ಮದು ಚಾಲಗೇಣಿಯ ಗದ್ದೆ. ಒಡೆಯರಿಗೆ ಅಕ್ಕಿ ಅಳೆದು ಕೊಟ್ಟ ಮೇಲೆ ಉಳಿದದ್ದು ಮಳೆಗಾಲ ದಾಟಿಸುತ್ತಿರಲಿಲ್ಲ. ಏಳನೆಯ ಕ್ಲಾಸಿನ ಪಬ್ಲಿಕ್ ಪರೀಕ್ಷೆ ಪಾಸಾದೆ. ಹೈಸ್ಕೂಲು ಇದ್ದದ್ದು ಹೊಳೆಯ ಆಚೆ. ಆಷಾಢದಲ್ಲಿ ದೋಣಿ ಕಟ್ಟಿಬಿಟ್ಟರೆ ಶಾಲೆಯೂ ಕಟ್ಟಿದಂತೆ. ಸೋದರಮಾವ ಬೊಂಬಾಯಿಯಿಂದ ಊರಿಗೆ ಬಂದವರು ಹಿಂದಿರುಗುವಾಗ ನನ್ನನ್ನೂ ಕರೆದುಕೊಂಡು ಹೊರಟರು. ಅಮ್ಮ ಅತ್ತದ್ದು ನೆನಪಿಲ್ಲ, ಅವಳ ಮಾತು ಮಾತ್ರ ನೆನಪಿದೆ: “ಅಲ್ಲ್ ಹೊಟ್ಟಿ ತುಂಬ ಉಂಬುಕಾರೂ ಸಿಕ್ಕತ್ತ್ ಮಗಾ.” ಓದಿನ ಸುದ್ದಿಯನ್ನು ಆ ದಿನ ಯಾರೂ ಎತ್ತಲಿಲ್ಲ. ಬಸ್ಸು ಘಾಟಿ ಹತ್ತಿ, ಹುಬ್ಬಳ್ಳಿ, ಬೆಳಗಾವಿ, ಕೊಲ್ಹಾಪುರ, ಪುಣೆ ಎಂದು ಸುತ್ತಿ ಇಳಿಸುವಷ್ಟರಲ್ಲಿ ನಾನು ಮೂರು ಸಲ ವಾಂತಿ ಮಾಡಿಕೊಂಡಿದ್ದೆ.

ಈ ದಾರಿ ನಮಗೇನೂ ಹೊಸದಲ್ಲ. ನಮ್ಮ ಹಿರಿಯರ ಕಾಲದಲ್ಲಿ ಸಮುದ್ರವೇ ರಸ್ತೆ. ಹಂಚು ತುಂಬಿದ ಪತ್ತೆಮಾರಿಯಲ್ಲೋ ಮಂಗಳೂರಿನ ಸ್ಟೀಮರಿನ ಡೆಕ್ಕಿನಲ್ಲೋ ಹುಡುಗರು ಹೋಗುತ್ತಿದ್ದರು. 1956ರವರೆಗೆ ನಮ್ಮ ಜಿಲ್ಲೆ ಮದರಾಸಿನ ಆಡಳಿತದಲ್ಲಿತ್ತು, ಆದರೂ ಹೊಟ್ಟೆಪಾಡಿಗೆ ಮದರಾಸಿಗಿಂತ ಬೊಂಬಾಯಿಯೇ ನಮಗೆ ಹತ್ತಿರವೆನಿಸಿತ್ತು. ಅಲ್ಲಿ ಆಗಲೇ ಉಡುಪಿ ಹೋಟೆಲುಗಳು ಬೇರೂರಿದ್ದವು. ಮಾಟುಂಗಾದಲ್ಲಿ ಎ. ರಾಮ ನಾಯಕರು ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದದ್ದು 1942ರಲ್ಲಿ. ಹೋಟೆಲು ಇದ್ದಲ್ಲಿ ಊರಿನ ಹುಡುಗನಿಗೆ ಊಟ ಉಂಟು, ಮಲಗಲು ನೆಲ ಉಂಟು. ಸಂಬಳದ ಮಾತು ಆಮೇಲೆ.

ಹೋಟೆಲಿನಲ್ಲಿ ಮೇಲೇರುವುದಕ್ಕೆ ಮೆಟ್ಟಿಲುಗಳಿದ್ದವು. ಮೊದಲು ಮೋರಿ, ಅಂದರೆ ಪಾತ್ರೆ ತೊಳೆಯುವ ಮೂಲೆ. ಆಮೇಲೆ ಫಡ್ಕಾ ಹಿಡಿದು ಟೇಬಲು ಒರೆಸುವುದು. ಅಲ್ಲಿಂದ ಬಾಹರ್‌ವಾಲಾ, ಕಚೇರಿ ಕಚೇರಿಗೆ ಚಹಾ ಒಯ್ಯುವವನು. ಅದಾದ ಮೇಲೆ ವೇಟರು, ಪುಣ್ಯವಿದ್ದರೆ ಗಲ್ಲಾ. ಅಡಿಗೆಮನೆಯ ಮೆಟ್ಟಿಲು ಬೇರೆಯೇ. ಅದನ್ನು ಯಾರು ಹತ್ತಬಹುದು, ಯಾರು ಮೋರಿಯ ಬದಿಯಲ್ಲೇ ನಿಂತಿರಬೇಕು ಎನ್ನುವುದು ಊರಿನಿಂದ ಬರುವಾಗಲೇ ನಮ್ಮ ಹೆಸರಿನ ಜೊತೆ ಕಟ್ಟಿಕೊಂಡು ಬಂದ ಲೆಕ್ಕ. ನನಗೆ ತಿಂಗಳಿಗೆ 15 ರೂಪಾಯಿ, ಊಟ, ಶಟರು ಎಳೆದ ಮೇಲೆ ಎರಡು ಟೇಬಲು ಜೋಡಿಸಿ ಮಲಗುವ ಹಕ್ಕು. ಬೆಂಚಿನ ಕೆಳಗೆ ತಗಡಿನ ಟ್ರಂಕು.

ರಾತ್ರಿ ಶಾಲೆ ಯಾರ ದಾನ? ಸಂಘ ಸಂಸ್ಥೆಗಳ ಸ್ಮರಣ ಸಂಚಿಕೆಗಳನ್ನು ಓದಿದರೆ ದೊಡ್ಡವರು ಮರುಕಪಟ್ಟು ಕೊಟ್ಟದ್ದು ಎನಿಸುತ್ತದೆ. ನನ್ನ ಓದಿಗೆ ಸಿಕ್ಕಷ್ಟು ಚರಿತ್ರೆ ಹಾಗೆ ಹೇಳುವುದಿಲ್ಲ. ಜ್ಯೋತಿಬಾ ಫುಲೆ ಪುಣೆಯಲ್ಲಿ ಕೂಲಿಯವರಿಗೂ ರೈತರಿಗೂ 1855ರಲ್ಲೇ ರಾತ್ರಿ ಶಾಲೆ ತೆರೆದಿದ್ದರು, ಅಂದರೆ ಬೊಂಬಾಯಿಯ ವಿಶ್ವವಿದ್ಯಾಲಯ ಹುಟ್ಟುವುದಕ್ಕೆ ಎರಡು ವರ್ಷ ಮೊದಲು. ಆ ಕಡೆಯ ಗಾಳಿ ನಮ್ಮವರಿಗೂ ತಾಗಿತು. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿ ಕಟ್ಟಿದ ರಾತ್ರಿ ಶಾಲೆ, ಬಿಲ್ಲವರ ಎಸೋಸಿಯೇಶನ್ನಿನ ಗುರುನಾರಾಯಣ ರಾತ್ರಿ ಶಾಲೆ, ಇಂಥವನ್ನು ಕಟ್ಟಿ ನಿಲ್ಲಿಸಿದವರು ಹಡಗುಕಟ್ಟೆ, ಹೋಟೆಲು, ಗಿರಣಿಗಳಲ್ಲಿ ದುಡಿಯುತ್ತಿದ್ದವರೇ. ಊರಿನಲ್ಲಿ ಶಾಲೆಯ ಜಗಲಿ ಹತ್ತಲು ಹಿಂಜರಿಯಬೇಕಾಗಿದ್ದ ಜಾತಿಗಳವರು ಬೊಂಬಾಯಿಗೆ ಬಂದು ಮಾಡಿದ ಮೊದಲ ಕೆಲಸಗಳಲ್ಲಿ ಇದೊಂದು. ಹೋಟೆಲು ಧಣಿಗಳ ದೇಣಿಗೆ ಆಮೇಲೆ ಬಂತು, ಬಂದದ್ದು ಒಳ್ಳೆಯದೇ ಆಯಿತು.

ನನ್ನ ಶಾಲೆ ನಡೆಯುತ್ತಿದ್ದದ್ದು ಹಗಲು ಬೇರೆ ಮಕ್ಕಳು ಓದುವ ಕಟ್ಟಡದಲ್ಲಿ. ಬೆಂಚುಗಳು ಎರಡನೆಯ ಮೂರನೆಯ ಕ್ಲಾಸಿನವರ ಅಳತೆಯವು. ಮೀಸೆ ಬಂದ ವೇಟರುಗಳು ಮೊಣಕಾಲನ್ನು ಡೆಸ್ಕಿನ ಕೆಳಗೆ ತುರುಕಲಾಗದೆ ಓಣಿಗೆ ಚಾಚಿ ಅಡ್ಡಡ್ಡ ಕೂರುತ್ತಿದ್ದರು. ಮಾಸ್ತರರು ಅವರ ಕಾಲು ದಾಟಿಕೊಂಡು ಓಡಾಡುತ್ತ ಪಾಠ ಹೇಳಬೇಕು. ಬೋರ್ಡಿನ ಮೇಲೆ ಹಗಲಿನವರ ಮರಾಠಿ ಬಾಲಬೋಧೆ ಇರುತ್ತಿತ್ತು. ಅದನ್ನು ಒರೆಸುವ ಮೊದಲು ಒಂದು ಸಲ ಜೋರಾಗಿ ಓದಿಸುತ್ತಿದ್ದರು, ಬಿಟ್ಟಿ ಪಾಠವೆಂದು. ನಾನು ಮರಾಠಿ ಕಲಿತದ್ದು ಹಾಗೆ. ಮಾಸ್ತರರೂ ಹಗಲು ಇನ್ನೆಲ್ಲೋ ದುಡಿದು ಬಂದವರೇ. ಎಂಟೂವರೆಯ ಹೊತ್ತಿಗೆ ಇತಿಹಾಸದ ಪಾಠ ಶುರುವಾದರೆ ಅವರ ಕಣ್ಣೂ ನಮ್ಮ ಕಣ್ಣೂ ಒಟ್ಟಿಗೆ ಎಳೆಯುತ್ತಿದ್ದವು. ಪಾಣಿಪತದ ಮೂರು ಯುದ್ಧಗಳಲ್ಲಿ ಯಾವುದು ಯಾವುದೆಂದು ನನಗೆ ಇವತ್ತಿಗೂ ಗೊಂದಲ.

ಗಣಿತದಲ್ಲಿ ಮಾತ್ರ ನಾವು ಹುಲಿಗಳು. ಆಗಿನ ಹೋಟೆಲಿನಲ್ಲಿ ಬಿಲ್ಲಿನ ಚೀಟಿ ಇಲ್ಲ. ಗಿರಾಕಿ ಎದ್ದು ಗಲ್ಲಾದ ಕಡೆ ನಡೆಯುವಾಗ ವೇಟರು ಹಿಂದಿನಿಂದ ಮೊತ್ತ ಕೂಗಬೇಕು. ಕೆಂಪು ಅಂಗಿಯವರು ಒಂದೂ ಹತ್ತು, ಟೊಪ್ಪಿಯವರು ಎಂಬತ್ತು ಪೈಸೆ, ಮೂವರು ಸೇರಿ ಎರಡೂ ಎಪ್ಪತ್ತು. ಐದು ಟೇಬಲಿನ ಲೆಕ್ಕ ಒಟ್ಟಿಗೆ ತಲೆಯಲ್ಲಿ. ತಪ್ಪಿದರೆ ಪಗಾರದಿಂದ ಕಡಿತ. ಅಂಥ ವೇಟರನನ್ನು ಬಡ್ಡಿ ಲೆಕ್ಕಕ್ಕೆ ಕೂರಿಸಿದರೆ ಮಾಸ್ತರರ ಸೀಮೆಸುಣ್ಣ ನಿಲ್ಲುವ ಮೊದಲೇ ಉತ್ತರ.

ಇದೆಲ್ಲ ಏಕೆ ಫೋರ್ಟಿನಲ್ಲಿ ಅಷ್ಟು ಚೆನ್ನಾಗಿ ನಡೆಯಿತು ಎಂಬುದಕ್ಕೆ ನನ್ನದೊಂದು ವಿವರಣೆ ಇದೆ. ಫೋರ್ಟ್ ಎಂದರೆ ಕಚೇರಿಗಳ ಪೇಟೆ. ಆರು ಗಂಟೆಗೆ ಗುಮಾಸ್ತರೆಲ್ಲ ವಿ.ಟಿ. ಕಡೆಗೋ ಚರ್ಚ್‌ಗೇಟಿನ ಕಡೆಗೋ ಹೊರಟರೆ ಹೋಟೆಲಿನಲ್ಲಿ ನೊಣ ಹೊಡೆಯಬೇಕು. ಹುಡುಗನೊಬ್ಬ ಮೂರು ತಾಸು ಶಾಲೆಗೆ ಹೋದರೆ ಧಣಿಗೆ ಕಾಸಿನ ನಷ್ಟವಿಲ್ಲ. ಅದೇ ದಾದರಿನಲ್ಲೋ ಮಾಟುಂಗಾದಲ್ಲೋ ಜನ ಮನೆಗೆ ಬಂದು, ಹೆಂಡತಿ ಮಕ್ಕಳನ್ನು ಕರೆದುಕೊಂಡು ದೋಸೆ ತಿನ್ನಲು ಹೊರಡುವ ಹೊತ್ತು ಅದು. ಅಲ್ಲಿಯ ಹುಡುಗರಿಗೆ ಸಂಜೆ ಬಿಡುವೇ ಇಲ್ಲ. ನನಗಿಂತ ಚುರುಕಾಗಿದ್ದ ನನ್ನ ದಾಯಾದಿ ತಮ್ಮನೊಬ್ಬ ದಾದರಿನ ಹೋಟೆಲೊಂದನ್ನು ಸೇರಿದ, ಒಂದು ದಿನವೂ ಶಾಲೆ ಕಾಣಲಿಲ್ಲ. ಸೋದರಮಾವ ನನ್ನನ್ನು ಫೋರ್ಟಿನಲ್ಲಿ ಬಿಟ್ಟದ್ದು ಅಲ್ಲಿ ಲೆಕ್ಕ ಬರೆಯುವ ಮೆಹ್ತಾಜಿ ಅವರ ಗುರುತಿನವರೆಂದು, ಅಷ್ಟೇ.

ನಾನು ಅನುಮತಿ ಕೇಳಿದಾಗ ನಮ್ಮ ಧಣಿ ಗಲ್ಲಾದ ನಾಣ್ಯ ಎಣಿಸುತ್ತಲೇ ಹೇಳಿದರು, “ಶಾಲಿಗ್ ಹೋಪುದಾರೆ ಹೋಗ್ ಮಾರಾಯಾ. ಬೆಳಿಗ್ಗೆ ಹೊತ್ತಿಗ್ ಸಮಾ ಏಳ್.” ಕೆಟ್ಟವರಲ್ಲ. ಪುಸ್ತಕಕ್ಕೆ ಅವರಾಗಿಯೇ ಐದು ರೂಪಾಯಿ ಕೊಟ್ಟರು, ತಿಂಗಳ ಕೊನೆಗೆ ಒಡೆದ ಗ್ಲಾಸಿನ ಲೆಕ್ಕವನ್ನು ಮುರಿದುಕೊಳ್ಳುವುದನ್ನೂ ಮರೆಯಲಿಲ್ಲ. ಅವರಿಗೂ ಅವರ ಕಷ್ಟ. 1969ರ ಫೆಬ್ರವರಿಯಲ್ಲಿ ಮೈಸೂರು–ಮಹಾರಾಷ್ಟ್ರ ಗಡಿ ತಂಟೆಯ ಗಲಭೆಯಾದಾಗ ನಮ್ಮವರ ಹೋಟೆಲುಗಳಿಗೆ ಕಲ್ಲು ಬಿದ್ದಿತ್ತು. ನಾನು ಬಂದಾಗಲೂ ನಮ್ಮ ಹೋಟೆಲಿನ ಒಂದು ನಿಲುವುಗನ್ನಡಿಯಲ್ಲಿ ಜೇಡನ ಬಲೆಯಂಥ ಬಿರುಕು ಉಳಿದಿತ್ತು. ಧಣಿ ಅದನ್ನು ಬದಲಿಸಲಿಲ್ಲ, ಅದರ ಮೇಲೆ ಗಣಪತಿಯ ಕ್ಯಾಲೆಂಡರು ಹಾಕಿದ್ದರು.

ಇನ್ನೊಂದು ದಾರಿಯೂ ಇತ್ತು. ನಮ್ಮ ಜಿಲ್ಲೆಯವರೇ ಆದ ಜಾರ್ಜ್ ಫರ್ನಾಂಡಿಸ್ ಸೆಮಿನರಿ ಬಿಟ್ಟು ಬಂದು, ಬೊಂಬಾಯಿಯ ಚೌಪಾಟಿಯಲ್ಲಿ ಮಲಗಿ ದಿನ ಕಳೆದು, ಹೋಟೆಲು ಕೆಲಸಗಾರರನ್ನೂ ಟ್ಯಾಕ್ಸಿಯವರನ್ನೂ ಸೇರಿಸಿ ಸಂಘ ಕಟ್ಟಿದರು. ನಮ್ಮ ವೇಟರುಗಳಲ್ಲಿ ಇಬ್ಬರು ಸಂಜೆ ಶಾಲೆಯ ಬದಲು ಯೂನಿಯನ್ ಸಭೆಗೆ ಹೋಗುತ್ತಿದ್ದರು. ವಾರದ ರಜೆ, ಓವರ್‌ಟೈಮು ಎಂಬ ಮಾತುಗಳನ್ನು ನಾನು ಮೊದಲು ಕೇಳಿದ್ದು ಅವರ ಬಾಯಲ್ಲಿ. ಶಾಲೆಗೆ ಹೋಗುವವರನ್ನು ಕಂಡರೆ ಅವರಿಗೆ ಸ್ವಲ್ಪ ತಾತ್ಸಾರ. ನಾವು ಮೋರಿಯಿಂದ ಓಡಿಹೋಗಲು ನೋಡುವವರು, ಅವರು ಮೋರಿಯನ್ನೇ ಸರಿಮಾಡಲು ಹೊರಟವರು. ಆಗ ನನಗೆ ಸಿಟ್ಟು ಬರುತ್ತಿತ್ತು. ಈಗ ಯೋಚಿಸಿದರೆ ಅವರ ಮಾತಿನಲ್ಲಿ ಹುರುಳಿತ್ತು ಅನಿಸುತ್ತದೆ.

ಮಹಾರಾಷ್ಟ್ರದಲ್ಲಿ 1975ರ ಎಸ್ಸೆಸ್ಸಿ ವಿಚಿತ್ರದ್ದು. ಹನ್ನೊಂದು ಕ್ಲಾಸಿನ ಹಳೆಯ ಮೆಟ್ರಿಕ್ಕಿನವರೂ ಹತ್ತು ಕ್ಲಾಸಿನ ಹೊಸ ಪದ್ಧತಿಯವರೂ ಅದೇ ವರ್ಷ ಬರೆದರು. ನಾನು ಹೊಸಬರ ಮೊದಲ ತಂಡದವನು. ಪಾಸಾದೆ. ನಮ್ಮ ಹೋಟೆಲಿನಿಂದ ಶಾಲೆ ಸೇರಿದ್ದ ಏಳು ಜನರಲ್ಲಿ ಹತ್ತನೆಯದರ ತನಕ ಬಂದವರು ಇಬ್ಬರು, ಪಾಸಾದವನು ಒಬ್ಬ.

ಮುಂದೆ ಓದುವವರಿಗೆಲ್ಲ ಗೊತ್ತಿದ್ದ ಒಂದೇ ಹೆಸರು ಸಿದ್ಧಾರ್ಥ ಕಾಲೇಜು. ಅಂಬೇಡ್ಕರರು 1945ರಲ್ಲಿ ಪೀಪಲ್ಸ್ ಎಜುಕೇಶನ್ ಸೊಸೈಟಿ ಕಟ್ಟಿ, ಮರುವರ್ಷ ಜೂನಿನಲ್ಲಿ ಈ ಕಾಲೇಜು ತೆರೆದರು. ನೌಕರಿ ಬಿಡಲಾಗದವರೂ ಓದಬೇಕೆಂದು ತರಗತಿಗಳನ್ನು ಬೆಳಗಿನ ಹೊತ್ತಿಗೆ ಇಡಿಸಿದರು. ಏಳು ಗಂಟೆಗೆ ಪಾಠ ಶುರು, ಕಚೇರಿ ತೆರೆಯುವ ಹೊತ್ತಿಗೆ ಮುಕ್ತಾಯ. ಫೋರ್ಟಿನ ಬುದ್ಧ ಭವನ, ಆನಂದ ಭವನಗಳು ನಮ್ಮ ಹೋಟೆಲಿನಿಂದ ನಡೆದುಹೋಗುವಷ್ಟೇ ದೂರ. ಬಾಹರ್‌ವಾಲಾ ಆಗಿದ್ದಾಗ ಅವುಗಳ ಮುಂದೆ ಚಹಾದ ಸ್ಟ್ಯಾಂಡು ಹಿಡಿದು ಎಷ್ಟು ಸಲ ಹಾದಿದ್ದೆನೋ.

ಆದರೆ ಗಡಿಯಾರ ನೋಡಿ. ಗುಮಾಸ್ತನಿಗೆ ಹೇಳಿ ಹೊಲಿಸಿದಂತಿದ್ದ ಆ ವೇಳೆ ಹೋಟೆಲು ಹುಡುಗನಿಗೆ ಒಗ್ಗುವುದೇ ಇಲ್ಲ. ಏಳರಿಂದ ಹತ್ತೂವರೆ ಎಂದರೆ ಇಡ್ಲಿ, ವಡೆ, ಉಪ್ಪಿಟ್ಟಿನ ಯುದ್ಧಕಾಲ. ಸಂಜೆ ಆರೂವರೆಗೆ ಬಿಟ್ಟುಕೊಟ್ಟ ಧಣಿ ಬೆಳಗಿನ ಏಳಕ್ಕೆ ಬಿಟ್ಟುಕೊಡಲಾರ. ರಾತ್ರಿ ಶಾಲೆಯಿಂದ ಬೆಳಗಿನ ಕಾಲೇಜಿಗೆ ಹೋಗಬೇಕಾದರೆ ನಡುವೆ ಒಂದು ಕಡೆ ಹೋಟೆಲನ್ನು ಬಿಟ್ಟು ಕಚೇರಿಯನ್ನು ಹಿಡಿಯಬೇಕು. ಹಿಡಿದರೆ ಊಟ ಹೋಯಿತು, ಮಲಗುವ ಜಾಗ ಹೋಯಿತು. ಎಸ್ಸೆಸ್ಸಿ ಆಗಿಯೂ ಎಷ್ಟೋ ಜನ ನಿಂತುಬಿಟ್ಟದ್ದು ಈ ಹಾರದ ಕಾಲುವೆಯ ದಡದಲ್ಲಿ. ಅವರಿಗೆ ಓದು ತಲೆಗೆ ಹತ್ತಲಿಲ್ಲ ಎಂದು ಊರಿನಲ್ಲಿ ಹೇಳುತ್ತಾರೆ. ತಲೆಗೇನಾಗಿತ್ತು?

ನಾನು ಹಾರಿದ್ದು ಚಹಾದ ದಯೆಯಿಂದ. ನಾನು ದಿನಕ್ಕೆ ಮೂರು ಸಲ ಚಹಾ ಒಯ್ಯುತ್ತಿದ್ದ ಒಂದು ಕ್ಲಿಯರಿಂಗ್ ಏಜೆಂಟರ ಕಚೇರಿಯಲ್ಲಿ ಸಿಪಾಯಿ ಊರಿಗೆ ಹೋದವನು ಬರಲಿಲ್ಲ. ಅಲ್ಲಿಯ ಹೆಡ್ ಕ್ಲಾರ್ಕು ಬಸಿಯಲ್ಲಿ ಚಹಾ ಊದುತ್ತ, ನಿನಗೆ ಇಂಗ್ಲಿಷ್ ವಿಳಾಸ ಓದಲು ಬರುತ್ತದೆಯೇ ಎಂದು ಕೇಳಿದರು. ಮೇಜಿನ ಮೇಲಿದ್ದ ನಾಲ್ಕು ಲಕೋಟೆ ಓದಿ ತೋರಿಸಿದೆ. ಪಗಾರ 90 ರೂಪಾಯಿ. ಹತ್ತೂವರೆಗೆ ಬಂದರೆ ಸಾಕು.

ಊಟದ ಪ್ರಶ್ನೆ ಉಳಿಯಿತು. ಮಲಗಲು ನಮ್ಮೂರಿನ ಹನ್ನೊಂದು ಜನ ಸೇರಿ ಹಿಡಿದಿದ್ದ ಖೋಲಿಯೊಂದರಲ್ಲಿ ಚಾಪೆಯಗಲದ ಜಾಗ ಸಿಕ್ಕಿತು, ಅದೂ ರಾತ್ರಿ ಪಾಳಿಯವರು ಎದ್ದುಹೋದ ಮೇಲೆ. ಧಣಿಯ ಹತ್ತಿರ ಹೋಗಿ, ರಾತ್ರಿ ಎಂಟರಿಂದ ಹತ್ತರವರೆಗೆ ಪಗಾರ ಪುಸ್ತಕ, ಹಾಲಿನ ಲೆಕ್ಕ ಬರೆದುಕೊಡುತ್ತೇನೆ, ಭಾನುವಾರ ಪೂರ್ತಿ ಗಲ್ಲಾದಲ್ಲಿ ಕೂರುತ್ತೇನೆ, ನನಗೆ ರಾತ್ರಿಯ ಊಟ ಕೊಡಿ ಎಂದೆ. ಮೆಹ್ತಾಜಿಗೆ ಕಣ್ಣಿನ ಪೊರೆ ಬಂದಿತ್ತು. ಧಣಿ ಒಪ್ಪಿದರು. ಮುಂದಿನ ಐದು ವರ್ಷ ನನ್ನ ದಿನ ಹೀಗೆ: ನಾಲ್ಕೂವರೆಗೆ ನಳ್ಳಿಯ ಸರತಿ, ಏಳಕ್ಕೆ ಪಾಠ, ಹತ್ತೂವರೆಗೆ ಕಚೇರಿ, ಆರಕ್ಕೆ ಲೈಬ್ರರಿ, ಎಂಟಕ್ಕೆ ಹೋಟೆಲಿನ ಲೆಕ್ಕ. ನಿದ್ದೆ ಐದು ತಾಸು ಸಿಕ್ಕರೆ ಹಬ್ಬ.

ಕಾಲೇಜಿನಲ್ಲಿ ನನ್ನ ಬೆಂಚಿನ ಮೇಲೆ ಕೂರುತ್ತಿದ್ದವರು ಅಂಚೆಯ ಸಾರ್ಟರು, ರೈಲ್ವೆಯ ಖಲಾಸಿ, ಗಿರಣಿಯ ರಾತ್ರಿ ಪಾಳಿ ಮುಗಿಸಿ ತಲೆಗೂದಲಲ್ಲಿ ಹತ್ತಿಯ ಎಳೆ ಸಿಕ್ಕಿಸಿಕೊಂಡೇ ಬಂದವನು. ಕೊಂಕಣದ, ಮರಾಠವಾಡದ ದಲಿತ ಹುಡುಗರೇ ಹೆಚ್ಚು. ಯಾರ ಡಬ್ಬಿಗೆ ಯಾರ ಕೈ ಬಿತ್ತೆಂದು ಕೇಳುವವರಿಲ್ಲ. ಹೋಟೆಲಿನ ಅಡಿಗೆಮನೆಯ ಬಾಗಿಲಲ್ಲಿ ನಾಲ್ಕು ವರ್ಷ ನಿಂತು ಕಲಿತ ಒಂದು ಅಂಜಿಕೆ ಅಲ್ಲಿ ನನಗೆ ತಿಳಿಯದಂತೆಯೇ ಬಿಟ್ಟುಹೋಯಿತು. ಎರಡನೆಯ ಪಾಠದ ಹೊತ್ತಿಗೆ ಯಾರಾದರೂ ಗೊರಕೆ ಹೊಡೆದರೆ ಅರ್ಥಶಾಸ್ತ್ರದ ಪ್ರೊಫೆಸರರು ದನಿ ತಗ್ಗಿಸುತ್ತಿದ್ದರು, ಅವನಿಗೆ ಎಚ್ಚರವಾಗಬಾರದೆಂದು. ಅಂಥ ಕಾಲೇಜು ಇನ್ನೊಂದನ್ನು ನಾನು ಕಂಡಿಲ್ಲ.

ಆ ಮೊದಲ ವರ್ಷವೇ ಅಪ್ಪಯ್ಯನ ಕಾಗದ ಬಂತು, ಪಕ್ಕದ ಮನೆಯ ಹುಡುಗಿಯ ಕೈಯಲ್ಲಿ ಬರೆಸಿದ್ದು. 1974ರ ಮಾರ್ಚಿನಿಂದ ಊರಿನಲ್ಲಿ ಭೂಸುಧಾರಣೆಯ ಹೊಸ ಕಾನೂನು ಜಾರಿಯಾಗಿತ್ತು. ಅಪ್ಪಯ್ಯ ಹೆದರುತ್ತ ಹೆದರುತ್ತ ಫಾರಂ ನಂಬರ್ 7 ತುಂಬಿ ಡಿಕ್ಲರೇಶನ್ ಕೊಟ್ಟಿದ್ದ. ಗದ್ದೆ ನಮ್ಮದಾಗುತ್ತದೆ, ಗೇಣಿ ಕೊಡುವುದಿಲ್ಲ, ಇನ್ನು ಊಟಕ್ಕೆ ತೊಂದರೆಯಿಲ್ಲ, ಬಂದುಬಿಡು ಎಂದಿತ್ತು ಕಾಗದ. ನಾನು ಮನೆ ಬಿಟ್ಟ ಕಾರಣವೇ ಹೋಗಿಬಿಟ್ಟಿತು, ನಾಲ್ಕು ವರ್ಷ ತಡವಾಗಿ. ಕಾಗದವನ್ನು ಅರ್ಥಶಾಸ್ತ್ರದ ನೋಟುಬುಕ್ಕಿನಲ್ಲಿಟ್ಟು ಒಂದು ವಾರ ತಿರುಗಾಡಿದೆ. ಪರೀಕ್ಷೆ ಮುಗಿಸಿ ಬರುತ್ತೇನೆ ಎಂದು ಬರೆದೆ. ಆ ಪರೀಕ್ಷೆ 1980ರಲ್ಲಿ ಬಿ.ಎ. ಆಗುವ ತನಕ ಮುಗಿಯಲಿಲ್ಲ. ಗದ್ದೆ ತಮ್ಮ ನೋಡಿಕೊಂಡ, ಈಗಲೂ ಅವನೇ ನೋಡಿಕೊಳ್ಳುತ್ತಿದ್ದಾನೆ. ಅವನು ಏಳನೆಯ ಕ್ಲಾಸಿಗೇ ಬಿಟ್ಟವನು.

ಮುಂದಿನದು ಎಲ್ಲರ ಕಥೆಯೂ ಒಂದೇ. ಬ್ಯಾಂಕಿನ ಪರೀಕ್ಷೆ ಬರೆದೆ, ಗುಮಾಸ್ತನಾದೆ, ಡೊಂಬಿವಲಿಯಲ್ಲಿ ಮನೆ ಮಾಡಿದೆ. ಕೆನರಾ, ಸಿಂಡಿಕೇಟ್, ವಿಜಯಾ, ಕಾರ್ಪೊರೇಶನ್, ನಾಲ್ಕೂ ನಮ್ಮ ಜಿಲ್ಲೆಯ ಮಣ್ಣಿನವು. ಬೊಂಬಾಯಿಯ ಅವುಗಳ ಶಾಖೆಗಳಲ್ಲಿ ರಾತ್ರಿ ಶಾಲೆಯ ಮುಖಗಳನ್ನು ನಾನು ಬೇಕಾದಷ್ಟು ಗುರುತಿಸಿದ್ದೇನೆ. ಕೌಂಟರಿನ ಒಳಗಿನಿಂದ ಅವರು ನನ್ನ ಬೆರಳನ್ನು ನೋಡುತ್ತಿದ್ದರು, ನಾನು ಅವರದ್ದನ್ನು.

ಅತ್ತ ಬರುವ ಹುಡುಗರ ಸಾಲು ಸೊರಗಿತು. ಗದ್ದೆ ಕೈಗೆ ಬಂದ ಮನೆಗಳಲ್ಲಿ ಮಕ್ಕಳು ಊರಿನಲ್ಲೇ ಹೈಸ್ಕೂಲು ಮುಗಿಸತೊಡಗಿದರು, ಹೊಳೆಗೆ ಸೇತುವೆಯಾಯಿತು. 1998ರಲ್ಲಿ ಕೊಂಕಣ ರೈಲು ಪೂರ್ತಿಯಾದಾಗ ಒಂದು ರಾತ್ರಿಯ ದಾರಿಯಾದ ಮುಂಬಯಿಗೆ ನಮ್ಮೂರಿನಿಂದ ಹೊರಟವರು ಕೆಲಸಕ್ಕೆ ಸೇರುವ ಹುಡುಗರಲ್ಲ, ಮೊಮ್ಮಕ್ಕಳನ್ನು ನೋಡಲು ಹೋಗುವ ಅಜ್ಜ ಅಜ್ಜಿಯರು. 2006ರ ಅಕ್ಟೋಬರ್ 10ರಿಂದ ಹೋಟೆಲುಗಳಲ್ಲಿ ಹದಿನಾಲ್ಕರ ಒಳಗಿನ ಮಕ್ಕಳನ್ನು ದುಡಿಸುವುದು ನಿಷಿದ್ಧವಾಯಿತು. ಆಗಬೇಕಾದದ್ದೇ. ನನ್ನಂಥವನು ಅದನ್ನು ತಪ್ಪೆಂದು ಹೇಳಿದರೆ ನನ್ನ ಬೆರಳೇ ನಗುತ್ತದೆ. ಮೋರಿಯಲ್ಲಿ ಈಗ ಉತ್ತರದಿಂದಲೋ ಒಡಿಶಾದಿಂದಲೋ ಬಂದ ಪ್ರಾಯದವರು ನಿಲ್ಲುತ್ತಾರೆ. ಕನ್ನಡದ ರಾತ್ರಿ ಶಾಲೆಗಳ ಬೆಂಚು ಖಾಲಿಯಾಗುತ್ತ ಬಂತು. ನನ್ನ ಶಾಲೆಯ ಬೋರ್ಡನ್ನು ಕಳಚಿದ ಜಾಗದಲ್ಲಿ ನಾಲ್ಕು ಮೊಳೆಯ ತೂತುಗಳಿವೆ. ಕಳೆದ ಮಳೆಗಾಲ ಹೋಗಿ ನೋಡಿ ಬಂದೆ.

ಮೊನ್ನೆ ಒಂದು ಸಂಘದವರು ಸ್ಮರಣ ಸಂಚಿಕೆಗೆ ಲೇಖನ ಕೇಳಿದರು. “ಮೋರಿಯಿಂದ ಮ್ಯಾನೇಜರ್‌ವರೆಗೆ ಅಂತ ಶೀರ್ಷಿಕೆ ಕೊಡಿ ಸರ್, ಹುಡುಗರಿಗೆ ಸ್ಫೂರ್ತಿ ಆಗುತ್ತದೆ” ಅಂದರು. ಯಾವ ಹುಡುಗರಿಗೆ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ನನಗೆ ನೆನಪಾದದ್ದು ಪಗಾರ ಪುಸ್ತಕ.

1975ರ ಜೂನಿನಲ್ಲಿ ಮೆಹ್ತಾಜಿಯ ಜಾಗದಲ್ಲಿ ಕೂತ ಮೊದಲ ರಾತ್ರಿ ಆ ಉದ್ದನೆಯ ಕೆಂಪು ಬಟ್ಟೆಯ ಪುಸ್ತಕವನ್ನು ಹಿಂದಿನಿಂದ ತಿರುವಿ ನೋಡಿದೆ. ಹೆಸರು, ಬಂದ ತಾರೀಕು, ಪಗಾರ, ಮುಂಗಡ, ಒಡೆದದ್ದು, ಷರಾ. ಬಿಟ್ಟುಹೋದ ಹುಡುಗರ ಹೆಸರಿನ ಮುಂದೆ ಷರಾದಲ್ಲಿ ಮೆಹ್ತಾಜಿಯ ಗುಂಡು ಅಕ್ಷರದಲ್ಲಿ ಒಂದೇ ಮಾತು: ಊರಿಗೆ ಹೋದ. ಎದುರಿನ ಹೋಟೆಲಿಗೆ ಹತ್ತು ರೂಪಾಯಿ ಹೆಚ್ಚಿಗೆ ಸೇರಿದವನೂ ಊರಿಗೆ ಹೋದ. ಯೂನಿಯನ್ನಿನವರ ಜೊತೆ ಸೇರಿದ್ದಕ್ಕೆ ಬಿಡಿಸಿದವನೂ ಊರಿಗೆ ಹೋದ. ನನ್ನ ಜೊತೆ ಭಟ್ಟಿಯ ಗೋಡೆಗೆ ಅಂಗೈ ಒತ್ತಿ ನಿಲ್ಲುತ್ತಿದ್ದ, ಒಂಬತ್ತನೆಯ ಕ್ಲಾಸಿನ ನಡುವೆ ಕಾಮಾಲೆಯಾಗಿ ಆಸ್ಪತ್ರೆಗೆ ಸೇರಿ ಮತ್ತೆ ಬಾರದವನ ಮುಂದೆಯೂ ಅದೇ, 3 ರೂಪಾಯಿ ಮುಂಗಡ ಬಾಕಿ ಸಮೇತ.

ಧಣಿ ಗಲ್ಲಾ ಮುಚ್ಚಿ ಎದ್ದರು. “ಮೊದ್ಲ್ ನಿಂದೇ ಲೆಕ್ಕ ಚುಕ್ತಾ ಮಾಡ್” ಅಂದರು. ಮಾಡಿದೆ. ಮೇ ತಿಂಗಳ ಪಗಾರ, ಗ್ಲಾಸು ಎರಡು, ಬಸಿ ಒಂದು, ಕಳೆದು ಉಳಿದದ್ದು. ಷರಾದ ಮುಂದೆ ಪೆನ್ನು ನಿಂತಿತು. ನಾನು ಹೋಗುತ್ತಿದ್ದದ್ದು ಇನ್ನೂರು ಹೆಜ್ಜೆ ಆಚೆಯ ಕಚೇರಿಗೆ. ಏನು ಬರೆಯಲಿ ಎಂದು ಕೇಳಿದೆ.

“ಎಂತ ಬರೂದ್? ಎಲ್ಲಾರಿಗೂ ಬರ್ದದ್ದೇ ಬರಿ,” ಅಂದರು.

ಬರೆದೆ.